ಹೊಸ ಆವೃತ್ತಿಗೆ ಮುನ್ನ ಹಿಂದಿರುಗುವ ದಾರಿ

ಹಳೆಯ ತೊಟ್ಟಿ ಮನೆಗಳಲ್ಲಿ ಗೆದ್ದಲು ಹಿಡಿದ ಕಂಬವನ್ನು ಬದಲಾಯಿಸುವ ಕೆಲಸವನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಅನುಭವಸ್ಥನಾದ ಬಡಗಿಯು ಮೊದಲು ಕಂಬವನ್ನು ಮುಟ್ಟುವುದೇ ಇಲ್ಲ. ತೊಲೆಯ ಕೆಳಗೆ ಎರಡು ಕಡೆಗಳಲ್ಲಿ ಗಟ್ಟಿಯಾದ ಆಸರೆಯ ಮರಗಳನ್ನು ನಿಲ್ಲಿಸಿ, ಬೆಣೆ ಹೊಡೆದು, ಭಾರವೆಲ್ಲವೂ ಅವುಗಳ ಮೇಲೆ ಇಳಿದಿದೆಯೆಂದು ಕಣ್ಣಾರೆ ಕಂಡ ಮೇಲೆಯೇ ಅವನು ಹಳೆಯ ಕಂಬಕ್ಕೆ ಕೈಹಾಕುವನು. ಹೊಸ ಕಂಬವು ಅಳತೆಗೆ ಕೂಡಿಬರದಿದ್ದರೆ ಮನೆಯು ಆ ಆಸರೆಯ ಮೇಲೆಯೇ ಇನ್ನೂ ಎರಡು ದಿನ ನಿಲ್ಲಬಲ್ಲುದು. ಮನೆಯವರು ಅಷ್ಟು ಹೊತ್ತೂ ಒಳಗೇ ಇದ್ದು ಅಡಿಗೆ ಮಾಡುವರು, ಉಣ್ಣುವರು, ಮಲಗುವರು.

ಈ ಲೇಖನದಲ್ಲಿ ನಾವು ವಿಚಾರ ಮಾಡಬೇಕೆಂದಿರುವುದು ಡೇಟಾಬೇಸ್ ತಂತ್ರಾಂಶದ ವಿಷಯ. ರೈತನ ಪಹಣಿ, ವಿದ್ಯಾರ್ಥಿಯ ಅಂಕಪಟ್ಟಿ, ರೈಲಿನ ಮುಂಗಡ ಟಿಕೆಟು, ಬ್ಯಾಂಕಿನ ಉಳಿತಾಯ ಖಾತೆ ಇವೆಲ್ಲವೂ ಈಗ ಯಾವುದೋ ಒಂದು ಸರ್ವರ್ ಯಂತ್ರದಲ್ಲಿ, ಇಂತಹ ಒಂದು ತಂತ್ರಾಂಶದ ಕಾವಲಿನಲ್ಲಿ ಇರುತ್ತವೆ. ಕಂಬಕ್ಕೆ ವಯಸ್ಸಾಗುವಂತೆ ಆ ತಂತ್ರಾಂಶಕ್ಕೂ ವಯಸ್ಸಾಗುವುದು. ಅದರ ಹಳೆಯ ಆವೃತ್ತಿಯನ್ನು ತೆಗೆದು ಹೊಸ ಆವೃತ್ತಿಯನ್ನು ಇಡಬೇಕಾಗುವುದು. ಇಲ್ಲಿಯೂ ಜನರು ಮನೆಯೊಳಗೇ ಇರುತ್ತಾರೆ. ಹೊಸದನ್ನು ಸ್ಥಾಪಿಸುವ ವಿದ್ಯೆಗೆ ಈಗ ಸಿಗುತ್ತಿರುವ ಗೌರವದ ಅರ್ಧದಷ್ಟೂ ಹಳೆಯದಕ್ಕೆ ಕ್ಷೇಮವಾಗಿ ಹಿಂದಿರುಗುವ ವಿದ್ಯೆಗೆ ಸಿಗುತ್ತಿಲ್ಲ. ಹಿಂದಿರುಗುವುದನ್ನು ಮಾಡಿನೋಡದೆ ಮುಂದಕ್ಕೆ ಹೆಜ್ಜೆಯಿಡಲು ಯಾರಿಗೂ ಅನುಮತಿ ಇರಕೂಡದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಇತರ ತಂತ್ರಾಂಶಗಳಿಗಿಲ್ಲದ ಈ ಕಟ್ಟುನಿಟ್ಟು ಇದಕ್ಕೇಕೆ ಎಂದು ಕೇಳಬಹುದು. ಚಿತ್ರ ಬರೆಯುವ ತಂತ್ರಾಂಶದ ಹೊಸ ಆವೃತ್ತಿಯು ಹಿಡಿಸದಿದ್ದರೆ ಅದನ್ನು ತೆಗೆದುಹಾಕಿ ಹಳೆಯದನ್ನು ಮತ್ತೆ ಹಾಕಿಕೊಂಡರಾಯಿತು. ಡೇಟಾಬೇಸಿನಲ್ಲಿ ತಂತ್ರಾಂಶಕ್ಕೂ ಅದು ಕಾಯುವ ಮಾಹಿತಿಗೂ ಬೇರೆ ರೀತಿಯ ಬಂಧವಿದೆ. ಮಾಹಿತಿಯು ಡಿಸ್ಕಿನ ಮೇಲೆ ಹೇಗೆ ಕುಳಿತಿರಬೇಕು, ಯಾವ ಕೋಷ್ಟಕ ಎಲ್ಲಿದೆ, ಅದರಲ್ಲಿ ಯಾವ ಯಾವ ಕಲಮುಗಳಿವೆ ಎಂಬ ಒಳಲೆಕ್ಕವನ್ನೆಲ್ಲ ತಂತ್ರಾಂಶವು ತನ್ನದೇ ಆದ ಕ್ರಮದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಹೊಸ ಆವೃತ್ತಿಯು ಈ ಕ್ರಮವನ್ನು ಬದಲಾಯಿಸಿತೆಂದರೆ, ಅದು ಬರೆದಿಟ್ಟದ್ದನ್ನು ಹಳೆಯ ಆವೃತ್ತಿಯು ಓದಲಾರದು.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಪ್ರಸಿದ್ಧ ಡೇಟಾಬೇಸನ್ನೇ ತೆಗೆದುಕೊಳ್ಳೋಣ. ಇದರ ಮೂಲವು 1986ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಎಂಬ ಪ್ರಾಧ್ಯಾಪಕರು ಆರಂಭಿಸಿದ ಸಂಶೋಧನೆ. ಈಗಿನ ಹೆಸರು ಬಂದದ್ದು 1996ರಲ್ಲಿ. ಇದು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಇದರ ಚಿಹ್ನೆ ಆನೆ. ಇದಕ್ಕೆ ಎರಡು ಬಗೆಯ ಹೊಸ ಆವೃತ್ತಿಗಳು ಬರುತ್ತವೆ. ಮೊದಲನೆಯದು ಚಿಕ್ಕ ಆವೃತ್ತಿ: ಕಂಡುಬಂದ ದೋಷಗಳಿಗೆ ತೇಪೆ ಹಾಕಿದ್ದು. ಇದರಲ್ಲಿ ಡಿಸ್ಕಿನ ಮೇಲಿನ ಕ್ರಮವು ಬದಲಾಗದು. ಹೊಸ ತಂತ್ರಾಂಶವನ್ನು ಇಟ್ಟು ಒಮ್ಮೆ ನಿಲ್ಲಿಸಿ ಹೊರಡಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಎರಡನೆಯದು, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ. ಇದರಲ್ಲಿ ಒಳಲೆಕ್ಕದ ಕ್ರಮವೇ ಬದಲಾಗುವುದುಂಟು. 2017ರಲ್ಲಿ ಬಂದ 10ನೆಯ ಆವೃತ್ತಿಯಿಂದೀಚೆಗೆ ಮೊದಲ ಅಂಕಿಯು ದೊಡ್ಡ ಆವೃತ್ತಿಯನ್ನು ಸೂಚಿಸುವುದು. ಅದಕ್ಕೆ ಮುಂಚೆ ಮೊದಲ ಎರಡು ಅಂಕಿಗಳೂ ಸೇರಿ ಸೂಚಿಸುತ್ತಿದ್ದವು. ಎಂದರೆ 9.2 ಮತ್ತು 9.6 ಎಂಬವು ನೋಡಲು ಅಣ್ಣತಮ್ಮಂದಿರಂತಿದ್ದರೂ ಬೇರೆ ಬೇರೆ ಮನೆತನದವು. ವಾಚಕರು ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ, ಮುಂದೆ ಬೇಕಾಗುವುದು.

ಆವೃತ್ತಿಯ ಬದಲಾವಣೆಯ ವಿಷಯದಲ್ಲಿ ಎರಡು ಪಕ್ಷಗಳಿವೆ. “ಓಡುತ್ತಿರುವ ಯಂತ್ರವನ್ನು ಮುಟ್ಟಬೇಡಿ” ಎಂಬುದು ಒಂದು ಪಕ್ಷ. ಇದು ಸಾಧುವಾಗಿ ಕಾಣುವುದಾದರೂ ಸಾಲ ಮಾಡಿ ನಿಶ್ಚಿಂತೆಯಿಂದಿರುವವನ ವಾದ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪ್ರತಿಯೊಂದು ದೊಡ್ಡ ಆವೃತ್ತಿಗೂ ಅದರ ಕರ್ತೃಗಳು ಐದು ವರ್ಷಗಳ ಕಾಲ ಮಾತ್ರ ತೇಪೆಗಳನ್ನು ಒದಗಿಸುವರು. ಮೈಎಸ್‌ಕ್ಯೂಎಲ್ ಎಂಬ ಮತ್ತೊಂದು ಡೇಟಾಬೇಸಿನ 5.7ನೆಯ ಆವೃತ್ತಿಗೆ 2023ರ ಅಕ್ಟೋಬರಿನಲ್ಲಿ ಆಯುಸ್ಸು ಮುಗಿಯಿತು. ಆಮೇಲೆ ಕಂಡುಬರುವ ಬಿರುಕುಗಳು ಕಳ್ಳರಿಗೆ ತಿಳಿಯುವುವು, ಮುಚ್ಚುವವರು ಮಾತ್ರ ಇರುವುದಿಲ್ಲ. ಅಲ್ಲದೆ ಹತ್ತು ವರ್ಷ ಬಿಟ್ಟು ಒಮ್ಮೆಲೇ ಹಾರಬೇಕಾದ ಕಂದಕವು, ವರ್ಷವರ್ಷವೂ ದಾಟುತ್ತಿದ್ದರೆ ಇರುತ್ತಿದ್ದುದಕ್ಕಿಂತ ಬಹಳ ಅಗಲವಾಗಿರುತ್ತದೆ. ಹಳೆಯದನ್ನು ಬಲ್ಲವನು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿಯೂ ಇರಬಹುದು. ಇನ್ನೊಂದು ಪಕ್ಷದವರು ಹೊಸ ಆವೃತ್ತಿ ಬಂದಿತೆಂದು ಕೇಳಿದ ರಾತ್ರಿಯೇ ಅದನ್ನು ಹಾಕಿ ಮುಗಿಸುವವರು. “ಬ್ಯಾಕಪ್ ಇದೆಯಲ್ಲ, ಭಯವೇಕೆ?” ಎಂಬುದು ಅವರ ಸಮಾಧಾನ. ಮೊದಲನೆಯವರಿಗಿಂತ ಇವರ ಮೇಲೆಯೇ ನಮ್ಮ ಆಕ್ಷೇಪಣೆ ಹೆಚ್ಚು. ಏಕೆಂದರೆ ಬ್ಯಾಕಪ್ ಎಂದರೇನೆಂಬುದನ್ನು ಇವರು ಯೋಚಿಸಿರುವುದಿಲ್ಲ.

ನಮಗೆ ಪರಿಚಯವಿರುವ ಒಂದು ಸಣ್ಣ ಗ್ರಂಥಾಲಯದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು. ಪುಸ್ತಕಗಳ ಪಟ್ಟಿಯೆಲ್ಲವೂ ಒಂದು ಹಳೆಯ ಗಣಕದ ಡೇಟಾಬೇಸಿನಲ್ಲಿತ್ತು. ಹೊಸ ಯಂತ್ರ ಬಂದಿತು. ಹೊಸ ಆವೃತ್ತಿಯನ್ನೂ ಹಾಕುವುದೆಂದಾಯಿತು. ಉತ್ಸಾಹಿಗಳಾದ ಇಬ್ಬರು ತರುಣರು ಒಂದು ಶನಿವಾರ ಹಳೆಯ ಡೇಟಾಬೇಸಿನ ಮಾಹಿತಿಯನ್ನೆಲ್ಲ ಒಂದು ಕಡತಕ್ಕೆ ಹೊರತೆಗೆದರು. ಕಡತದ ಗಾತ್ರವು ದೊಡ್ಡದಾಗಿಯೇ ಇತ್ತು. ಯಾವ ದೋಷಸೂಚನೆಯೂ ಬರಲಿಲ್ಲ. ಆದ ಕಾರಣ ಹಳೆಯ ಯಂತ್ರದ ಡಿಸ್ಕನ್ನು ಅಂದೇ ಅಳಿಸಿ ಬೇರೆ ಕೆಲಸಕ್ಕೆ ಕೊಟ್ಟುಬಿಟ್ಟರು. ಸೋಮವಾರ ಹೊಸ ಯಂತ್ರವನ್ನು ತೆರೆದು ನೋಡಿದರೆ ಇಂಗ್ಲಿಷ್ ಪುಸ್ತಕಗಳೆಲ್ಲ ಸರಿಯಾಗಿದ್ದವು. ಕನ್ನಡ ಪುಸ್ತಕಗಳ ಹೆಸರುಗಳಿರಬೇಕಾದ ಸ್ಥಳದಲ್ಲಿ ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು.

ಇದರ ಕಾರಣವು ವಿದ್ಯಾರ್ಥಿಗಳು ತಿಳಿಯಬೇಕಾದಂತಹುದು. ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುವುದೆಂಬುದು ಎಲ್ಲರಿಗೂ ಗೊತ್ತಿದೆ. ಈಗ ಸರ್ವತ್ರ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ಹಿಂದಿನ ಕಾಲದ ಲ್ಯಾಟಿನ್ ಕೋಷ್ಟಕದಲ್ಲಿಯಾದರೋ ಒಂದೇ ಬೈಟು. ಅದರಲ್ಲಿರುವ ಸ್ಥಾನಗಳೇ 256. ಪಶ್ಚಿಮ ಯೂರೋಪಿನ ಅಕ್ಷರಗಳು ತುಂಬಿಕೊಂಡ ಮೇಲೆ ಅಲ್ಲಿ ಕನ್ನಡಕ್ಕೆ ಎಡೆಯೆಲ್ಲಿಯದು? ಮೈಎಸ್‌ಕ್ಯೂಎಲ್‌ನಲ್ಲಿ 2018ರಲ್ಲಿ ಬಂದ 8.0 ಆವೃತ್ತಿಯವರೆಗೂ, ಬೇರೆ ಹೇಳದಿದ್ದರೆ ಈ ಲ್ಯಾಟಿನ್ ಕೋಷ್ಟಕವನ್ನೇ ಹಿಡಿಯುವುದು ವಾಡಿಕೆಯಾಗಿತ್ತು. ಆ ಗ್ರಂಥಾಲಯದಲ್ಲಿ ಮಾಹಿತಿಯು ಯುಟಿಎಫ್-8ರಲ್ಲಿಯೇ ಇತ್ತು. ಆದರೆ ಹೊರತೆಗೆಯುವಾಗ ಯಾವುದೋ ಒಂದು ಸಂರಚನೆಯಲ್ಲಿ ಲ್ಯಾಟಿನ್ ಎಂದು ಇದ್ದುದನ್ನು ಯಾರೂ ಗಮನಿಸಲಿಲ್ಲ. ಡೇಟಾಬೇಸು ಹೇಳಿದಂತೆ ಕೇಳಿತು. ಲ್ಯಾಟಿನ್ ಕೋಷ್ಟಕದಲ್ಲಿಲ್ಲದ ಪ್ರತಿಯೊಂದು ಚಿಹ್ನೆಗೂ ಬದಲಾಗಿ ಒಂದೊಂದು ಪ್ರಶ್ನಾರ್ಥಕವನ್ನು ಬರೆದುಕೊಟ್ಟಿತು.

ಕೆಲವೊಮ್ಮೆ ಸಂಕೇತಗಳು ಕಲಸಿಹೋಗಿ ಒಂದೊಂದು ಕನ್ನಡ ಅಕ್ಷರವೂ ಮೂರು ಮೂರು ವಿಚಿತ್ರ ಚಿಹ್ನೆಗಳಾಗಿ ಕಾಣುವುದುಂಟು. ಅದು ನೋಡಲು ವಿಕಾರವಾದರೂ ಅಪಾಯವಿಲ್ಲ. ಬೈಟುಗಳೆಲ್ಲವೂ ಇವೆ, ಸರಿಯಾದ ಕೋಷ್ಟಕದಿಂದ ಓದಿದರೆ ಅಕ್ಷರಗಳು ಹಿಂದಕ್ಕೆ ಬರುತ್ತವೆ. ಪ್ರಶ್ನಾರ್ಥಕದ ಗತಿಯೇ ಬೇರೆ. “ಕನ್ನಡ” ಎಂಬ ಮಾತಿನಲ್ಲಿ ಗಣಕದ ಲೆಕ್ಕಕ್ಕೆ ಐದು ಚಿಹ್ನೆಗಳಿವೆ: ಕ, ನ, ವಿರಾಮದ ಗುರುತು, ಇನ್ನೊಂದು ನ, ಡ. “ಹಳ್ಳಿ” ಎಂಬಲ್ಲಿಯೂ ಐದೇ. ಎರಡೂ “?????” ಎಂದೇ ಆಗುತ್ತವೆ. ಐದು ಪ್ರಶ್ನಾರ್ಥಕಗಳನ್ನು ಕೊಟ್ಟು ಇವುಗಳಲ್ಲಿ ಯಾವುದಿತ್ತೆಂದು ಕೇಳಿದರೆ ಜಗತ್ತಿನ ಯಾವ ಗಣಿತಜ್ಞನೂ ಹೇಳಲಾರನು. ಗ್ರಂಥಾಲಯದವರ ಅದೃಷ್ಟಕ್ಕೆ, ಬೈಂಡು ಹರಿದ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಯಾರೂ ರದ್ದಿಗೆ ಹಾಕಿರಲಿಲ್ಲ. ಅವನ್ನು ಮುಂದಿಟ್ಟುಕೊಂಡು ಕನ್ನಡ ಪುಸ್ತಕಗಳ ಹೆಸರುಗಳನ್ನೆಲ್ಲ ಮತ್ತೆ ಒಂದೊಂದಾಗಿ ಬೆರಳಚ್ಚು ಮಾಡಿದರು. ಒಂದು ಪುಸ್ತಕದ ಹೆಸರನ್ನಾದರೂ ಹೊಸ ಯಂತ್ರದಲ್ಲಿ ತೆರೆದು ಓದಿನೋಡಿ ಆಮೇಲೆ ಹಳೆಯ ಡಿಸ್ಕನ್ನು ಅಳಿಸಿದ್ದರೆ ಈ ಶ್ರಮವೆಲ್ಲ ತಪ್ಪುತ್ತಿತ್ತು.

ಇದು ಅನನುಭವಿಗಳ ಕಥೆಯೆಂದು ತಳ್ಳಿಹಾಕುವವರು 2017ರಲ್ಲಿ ನಡೆದ ಮತ್ತೊಂದು ಘಟನೆಯನ್ನು ನೋಡಬೇಕು. ಗಿಟ್‌ಲ್ಯಾಬ್ ಎಂಬುದು ತಂತ್ರಾಂಶ ಬರೆಯುವವರು ತಮ್ಮ ಬರಹಗಳನ್ನು ಇಟ್ಟುಕೊಳ್ಳುವ ಸೇವೆ. ಅದನ್ನು ನಡೆಸುವವರೂ ಈ ವಿದ್ಯೆಯಲ್ಲಿ ಪಳಗಿದವರು. ಅವರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸು ಎರಡು ಸರ್ವರ್‌ಗಳಲ್ಲಿತ್ತು. ಒಂದು ಮುಖ್ಯವಾದದ್ದು, ಇನ್ನೊಂದು ಅದನ್ನು ಕ್ಷಣಕ್ಷಣವೂ ಅನುಸರಿಸಿ ನಕಲು ಮಾಡುವುದು. ಜನವರಿ 31ರಂದು ಮುಖ್ಯ ಸರ್ವರ್‌ನ ಮೇಲೆ ವಿಪರೀತ ಹೊರೆ ಬಿದ್ದು, ನಕಲು ಮಾಡುವ ಸರ್ವರ್ ಹಿಂದೆ ಬಿದ್ದಿತು. ಅದನ್ನು ಮೊದಲಿನಿಂದ ತುಂಬಿಸುವುದಕ್ಕಾಗಿ ಅದರಲ್ಲಿದ್ದ ಹಳೆಯ ಮಾಹಿತಿಯನ್ನು ಅಳಿಸಲು ಒಬ್ಬ ಎಂಜಿನಿಯರು ಮುಂದಾದನು. ರಾತ್ರಿ ಬಹಳ ಹೊತ್ತಾಗಿತ್ತು. ಅಳಿಸುವ ಆಜ್ಞೆಯನ್ನು ಅವನು ಕೊಟ್ಟದ್ದು ನಕಲಿನ ಸರ್ವರ್‌ಗೆಂದು. ಅದು ಹೋದದ್ದು ಮುಖ್ಯ ಸರ್ವರ್‌ಗೆ. ಒಂದೆರಡು ಸೆಕೆಂಡುಗಳಲ್ಲಿಯೇ ತಪ್ಪು ತಿಳಿದು ನಿಲ್ಲಿಸಿದನು. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಷ್ಟಿದ್ದ ಮಾಹಿತಿಯಲ್ಲಿ ಉಳಿದಿದ್ದುದು 4.5 ಗಿಗಾಬೈಟು.

ಇಲ್ಲಿಯವರೆಗಿನದು ಯಾರಿಂದಲಾದರೂ ಆಗಬಹುದಾದ ಕೈತಪ್ಪು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದರ ಮುಂದಿನ ಭಾಗ. ಪ್ರತಿದಿನವೂ ಪಿಜಿ-ಡಂಪ್ ಎಂಬ ಉಪಕರಣದಿಂದ ಮಾಹಿತಿಯ ಪೂರ್ಣ ಪ್ರತಿಯೊಂದನ್ನು ತೆಗೆದು ದೂರದ ಸಂಗ್ರಹಾಗಾರದಲ್ಲಿ ಇಡುವ ಏರ್ಪಾಟು ಅವರಲ್ಲಿತ್ತು. ಅಲ್ಲಿ ಹೋಗಿ ನೋಡಿದರೆ ಸಂಗ್ರಹಾಗಾರವು ಬರಿದಾಗಿತ್ತು! ಡೇಟಾಬೇಸಿನ ಆವೃತ್ತಿ 9.6; ಪ್ರತಿ ತೆಗೆಯುವ ಉಪಕರಣ ಮಾತ್ರ 9.2ರದು. ಹಳೆಯ ಮನೆತನದ ಉಪಕರಣವು ಹೊಸ ಮನೆತನದ ಡೇಟಾಬೇಸನ್ನು ಓದಲು ಒಪ್ಪದೆ ಪ್ರತಿದಿನವೂ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುತ್ತಿತ್ತು. ನಿಂತಾಗಲೆಲ್ಲ ಎಚ್ಚರಿಕೆಯ ಇ-ಮೇಲ್ ಹೊರಡುತ್ತಿದ್ದುದೂ ನಿಜ. ಆದರೆ ಆ ಪತ್ರಗಳಿಗೆ ಬೇಕಾದ ದೃಢೀಕರಣ ಇಲ್ಲದಿದ್ದುದರಿಂದ ಸ್ವೀಕರಿಸುವ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಇತರ ಏರ್ಪಾಟುಗಳಲ್ಲಿ ಒಂದನ್ನು ಡೇಟಾಬೇಸಿನ ಸರ್ವರ್‌ಗಳಿಗೆ ಅನ್ವಯಿಸಿಯೇ ಇರಲಿಲ್ಲ. ಕೊನೆಗೆ ಕೈಹಿಡಿದದ್ದು, ಅದೇ ಎಂಜಿನಿಯರು ಬೇರೆ ಯಾವುದೋ ಪ್ರಯೋಗಕ್ಕಾಗಿ ಸುಮಾರು ಆರು ಗಂಟೆಗಳ ಹಿಂದೆ ತೆಗೆದಿಟ್ಟಿದ್ದ ಒಂದು ಪ್ರತಿ. ಅದನ್ನು ನಿಧಾನವಾದ ಡಿಸ್ಕುಗಳಿಂದ ಹಿಂದಕ್ಕೆ ತರುವುದಕ್ಕೇ ಬಹಳ ಗಂಟೆಗಳು ಹಿಡಿದವು; ಆರು ಗಂಟೆಗಳಲ್ಲಿ ಜನರು ಬರೆದದ್ದು ಹೋದದ್ದು ಹೋಯಿತು. ಸುಮಾರು 5000 ಯೋಜನೆಗಳ ದಾಖಲೆ, 5000 ಅಭಿಪ್ರಾಯಗಳು, 700 ಹೊಸ ಖಾತೆಗಳು ನಷ್ಟವಾಗಿರಬಹುದೆಂದು ಅವರು ಅಂದಾಜು ಮಾಡಿದರು. ಬೇರೆ ಕಡೆ ಇದ್ದ ತಂತ್ರಾಂಶದ ಬರಹಗಳು ಮಾತ್ರ ಉಳಿದವು.

ಆ ಸಂಸ್ಥೆಯವರನ್ನು ಹಳಿಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವರು ಏನನ್ನೂ ಮುಚ್ಚಿಡಲಿಲ್ಲ. ತಮ್ಮ ದುರಸ್ತಿಯ ಕೆಲಸವನ್ನು ಆಗಲೇ ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ತೋರಿಸಿದರು, ಆಮೇಲೆ ಕಾರಣಗಳನ್ನೆಲ್ಲ ಬರೆದು ಪ್ರಕಟಿಸಿದರು, ಎಂಜಿನಿಯರನ ಹೆಸರನ್ನು ಬಯಲಿಗೆಳೆದು ಬಲಿಕೊಡಲಿಲ್ಲ. ನಾವು ಇದನ್ನು ಬರೆಯಲು ಸಾಧ್ಯವಾಗಿರುವುದೂ ಆ ಪ್ರಾಮಾಣಿಕತೆಯಿಂದಲೇ. ಗಮನಿಸಬೇಕಾದದ್ದೆಂದರೆ, ಆ ದಿನ ಬೆಳಗ್ಗೆ “ನಿಮ್ಮಲ್ಲಿ ಬ್ಯಾಕಪ್ ಇದೆಯೆ?” ಎಂದು ಯಾರಾದರೂ ಕೇಳಿದ್ದರೆ “ಒಂದಲ್ಲ, ಹಲವು ಇವೆ” ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. “ಕೊನೆಯ ಸಲ ಅದನ್ನು ಬಿಚ್ಚಿ ಒಂದು ಖಾಲಿ ಯಂತ್ರದಲ್ಲಿ ಡೇಟಾಬೇಸನ್ನು ಎಬ್ಬಿಸಿ ನೋಡಿದ್ದು ಯಾವಾಗ?” ಎಂದು ಕೇಳಿದ್ದರೆ ಉತ್ತರವಿರುತ್ತಿರಲಿಲ್ಲ. ಆವೃತ್ತಿ ಬದಲಾಯಿಸುವವರು ಡೇಟಾಬೇಸನ್ನೊಂದನ್ನೇ ಬದಲಾಯಿಸಿದೆವೆಂದು ತಿಳಿಯುತ್ತಾರೆ. ಅದರ ಸುತ್ತ ಪ್ರತಿ ತೆಗೆಯುವುದು, ಕಾವಲು ನೋಡುವುದು, ವರದಿ ಬರೆಯುವುದು ಎಂದು ಹತ್ತಾರು ಉಪಕರಣಗಳು ಹಳೆಯದಕ್ಕೆ ಹೊಂದಿಕೊಂಡು ನಿಂತಿರುತ್ತವೆ.

ಸುತ್ತಲಿನದು ಹಾಗಿರಲಿ, ಕೆಳಗಿನದೂ ಬದಲಾಗಬಹುದು. ಇದಕ್ಕೆ ಒಂದು ಸೊಗಸಾದ ಉದಾಹರಣೆಯಿದೆ. ನಮ್ಮ ಅಕಾರಾದಿಯಲ್ಲಿ “ಕ್ಷ” ಎಲ್ಲಿ ಬರಬೇಕು? ಅದು ಕಕಾರದ ಒತ್ತಕ್ಷರವಾದ್ದರಿಂದ “ಕ” ಅಕ್ಷರದ ಪದಗಳ ಕೊನೆಯಲ್ಲಿ ಬರಬೇಕೆನ್ನುವವರುಂಟು; ಬಾಲ್ಯದಲ್ಲಿ ಕಲಿತ ವರ್ಣಮಾಲೆಯಲ್ಲಿದ್ದಂತೆ “ಳ” ಆದ ಮೇಲೆ ಬರಬೇಕೆನ್ನುವವರೂ ಉಂಟು. ಎರಡೂ ಸರಿಯೇ. ಆದರೆ ಒಬ್ಬರು ಒಂದು ಕ್ರಮದಲ್ಲಿ ಪುಸ್ತಕಗಳನ್ನು ಜೋಡಿಸಿ ಹೋದ ಕಪಾಟಿನಲ್ಲಿ ಇನ್ನೊಬ್ಬರು ಮತ್ತೊಂದು ಕ್ರಮದಿಂದ “ಕ್ಷಯರೋಗ”ವನ್ನು ಹುಡುಕಿದರೆ, ಪುಸ್ತಕವು ಕಪಾಟಿನಲ್ಲಿದ್ದರೂ “ಇಲ್ಲ” ಎಂದೇ ಹೇಳುವರು. ಡೇಟಾಬೇಸಿನ ಸೂಚಿಗಳೂ ಇಂತಹ ಕಪಾಟುಗಳು. ಕೋಟಿ ಸಾಲುಗಳಲ್ಲಿ ಬೇಕಾದುದನ್ನು ಕ್ಷಣದಲ್ಲಿ ಹುಡುಕುವುದು ಸಾಧ್ಯವಾಗುವುದು ಎಲ್ಲವೂ ಅಕ್ಷರಕ್ರಮದಲ್ಲಿದೆಯೆಂಬ ನಂಬಿಕೆಯಿಂದಲೇ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಈ ಕ್ರಮವನ್ನು ಸಾಮಾನ್ಯವಾಗಿ ತನ್ನ ಕೆಳಗಿರುವ ಲಿನಕ್ಸ್ ವ್ಯವಸ್ಥೆಯ ಗ್ಲಿಬ್‌ಸಿ ಎಂಬ ಭಂಡಾರದಿಂದ ಕೇಳಿ ತಿಳಿಯುತ್ತಿತ್ತು. 2018ರ ಆಗಸ್ಟಿನಲ್ಲಿ ಆ ಭಂಡಾರದ 2.28ನೆಯ ಆವೃತ್ತಿಯು ಬಂದಾಗ ಅಕ್ಷರಕ್ರಮವನ್ನು ಪರಿಷ್ಕರಿಸಿದರು. ಇಂಗ್ಲಿಷಿನ ಕ್ರಮದಲ್ಲಿ ಮೊದಲು “11” ಮುಂದೆ, “1-1” ಹಿಂದೆ ಬರುತ್ತಿದ್ದವು. ಪರಿಷ್ಕಾರದ ಮೇಲೆ “1-1” ಮುಂದಕ್ಕೆ ಬಂದಿತು.

ಅಡ್ಡಗೆರೆಯೊಂದರ ಸ್ಥಾನ ಬದಲಾದರೆ ಏನಾದೀತು? ಡೇಟಾಬೇಸನ್ನು ಮುಟ್ಟದೆ ಕೆಳಗಿನ ಲಿನಕ್ಸನ್ನು ಮಾತ್ರ ಹೊಸದು ಮಾಡಿದವರ ಸರ್ವರ್‌ಗಳಲ್ಲಿ, ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಗಳನ್ನು ಹೊಸ ಕ್ರಮದಲ್ಲಿ ಹುಡುಕುವಂತಾಯಿತು. ಇರುವ ಸಾಲು ಇಲ್ಲವೆಂದು ಕಾಣಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದುಂಟು: ಒಂದು ನೋಂದಣಿ ಸಂಖ್ಯೆಯು ಒಬ್ಬರಿಗೇ ಇರಬೇಕೆಂಬ ನಿಯಮವನ್ನು ಡೇಟಾಬೇಸು ಕಾಪಾಡುವುದೂ ಸೂಚಿಯನ್ನು ನೋಡಿಯೇ, ಸೂಚಿಯು “ಇಲ್ಲ” ಎಂದರೆ ಅದೇ ಸಂಖ್ಯೆಯನ್ನು ಎರಡನೆಯ ಸಲವೂ ಒಳಗೆ ಬಿಡುವುದು. ಯಾವ ಗಂಟೆಯೂ ಬಾರಿಸುವುದಿಲ್ಲ, ಯಾವ ದೀಪವೂ ಕೆಂಪಾಗುವುದಿಲ್ಲ. ಸೂಚಿಗಳನ್ನು ಹೊಸದಾಗಿ ಕಟ್ಟುವುದೇ ಇದಕ್ಕೆ ಪರಿಹಾರ. ಆದರೆ ಅಷ್ಟು ದಿನಗಳಲ್ಲಿ ಒಳಬಂದ ಜೋಡಿ ಸಾಲುಗಳನ್ನು ಮನುಷ್ಯನೇ ಕೂತು ಬೇರ್ಪಡಿಸಬೇಕು. ತೊಂದರೆ ಕಂಡೊಡನೆ ಹಿಂದಿರುಗೋಣವೆನ್ನುವವರು, ಅದು ಮೊದಲ ದಿನವೇ ಕಾಣುವುದೆಂದು ಭಾವಿಸುವಂತಿಲ್ಲ.

ಹಿಂದಿರುಗುವುದೂ ಒಂದು ಪ್ರಯಾಣವೇ, ಅದರಲ್ಲಿಯೂ ಬೀಳಬಹುದು. ಇದನ್ನು ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದವರು 2012ರ ಜೂನಿನಲ್ಲಿ ಬಹು ದುಬಾರಿಯಾಗಿ ಕಲಿತರು. ಅಲ್ಲಿ ಬದಲಾಯಿಸಿದ್ದು ಡೇಟಾಬೇಸನ್ನಲ್ಲ. ರಾತ್ರಿಯ ಹೊತ್ತು ಲೆಕ್ಕದ ಕೆಲಸಗಳನ್ನು ಒಂದಾದ ಮೇಲೊಂದರಂತೆ ನಡೆಸುವ ತಂತ್ರಾಂಶವನ್ನು. ಹೊಸ ಆವೃತ್ತಿಯನ್ನು ಹಾಕಿದ ಮೇಲೆ ಕೆಲವು ತೊಂದರೆಗಳು ಕಂಡುವು; ಆದುದರಿಂದ ಅದನ್ನು ತೆಗೆದು ಹಳೆಯದಕ್ಕೆ ಹಿಂದಿರುಗಲು ನಿಶ್ಚಯಿಸಿದರು. ಹಾಗೆ ತೆಗೆದರೆ ಏನಾಗುವುದೆಂದು ಮೊದಲು ಪರೀಕ್ಷಿಸಿ ನೋಡಿರಲಿಲ್ಲ. ಹಳೆಯದೂ ಹೊಸದೂ ಹೊಂದಾಣಿಕೆಯಾಗದೆ ಕೆಲಸಗಳ ಸರಪಣಿಯೇ ಕಡಿಯಿತು. 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತೊಂದರೆಯಾಯಿತು. ಸಂಬಳ ಜಮೆಯಾಗಲಿಲ್ಲ, ಬಾಕಿ ತಪ್ಪಾಗಿ ತೋರಿತು, ಹಣ ಸಲ್ಲಿಸಬೇಕಾದವರು ಸಲ್ಲಿಸಲಾರದೆ ಹೋದರು. ಕೆಲವರ ಪಾಲಿಗೆ ಇದು ವಾರಗಟ್ಟಲೆ ನಡೆಯಿತು. 2014ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಗಳೆರಡೂ ಸೇರಿ ಒಟ್ಟು 5 ಕೋಟಿ 60 ಲಕ್ಷ ಪೌಂಡುಗಳ ದಂಡ ವಿಧಿಸಿದುವು. ಹೊಸದನ್ನು ಹಾಕಿದ್ದಕ್ಕಿಂತ, ನೋಡದೆ ಹಿಂದಕ್ಕೆ ಜಿಗಿದದ್ದೇ ಅಲ್ಲಿ ದೊಡ್ಡ ಅನಾಹುತವಾಯಿತೆಂಬುದನ್ನು ಓದುಗರು ಗಮನಿಸಬೇಕು.

ಹಾಗಾದರೆ ಈ ಕೆಲಸವನ್ನು ಹೇಗೆ ಮಾಡುವುದು ಉಚಿತ? ವಿವರವಾದ ವಿಧಾನವನ್ನು ಆಯಾ ತಂತ್ರಾಂಶದ ಕೈಪಿಡಿಯೇ ಹೇಳುವುದು. ಅದನ್ನು ಇಲ್ಲಿ ನಕಲು ಮಾಡುವ ಅಗತ್ಯವಿಲ್ಲ. ಒಂದು ವಿಷಯವನ್ನು ಮಾತ್ರ ವಿಸ್ತರಿಸುತ್ತೇವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ದೊಡ್ಡ ಆವೃತ್ತಿಗೆ ಹೋಗಲು ಪಿಜಿ-ಅಪ್‌ಗ್ರೇಡ್ ಎಂಬ ಉಪಕರಣವಿದೆ. ಅದು ಏನನ್ನೂ ಬದಲಾಯಿಸದೆ, ಎಲ್ಲವೂ ಅನುಕೂಲವಾಗಿದೆಯೇ ಎಂದು ಮೊದಲು ಪರೀಕ್ಷಿಸಿ ಹೇಳಬಲ್ಲುದು. ಆಮೇಲೆ ಕೆಲಸ ಮಾಡಿಸಲು ಮುಖ್ಯವಾಗಿ ಎರಡು ಮಾರ್ಗಗಳು. ಕಡತಗಳನ್ನೆಲ್ಲ ನಕಲು ಮಾಡಿ ಹೊಸ ಜಾಗದಲ್ಲಿಡುವುದು ಮೊದಲನೆಯದು: ಹೊತ್ತು ಹಿಡಿಯುವುದು, ಡಿಸ್ಕಿನಲ್ಲಿ ಎರಡರಷ್ಟು ಸ್ಥಳ ಬೇಕು, ಆದರೆ ಹಳೆಯದು ಹಾಗೆಯೇ ಉಳಿಯುವುದು. ಎರಡನೆಯದರಲ್ಲಿ ನಕಲು ಮಾಡದೆ ಅದೇ ಕಡತಗಳಿಗೆ ಹೊಸ ಕೊಂಡಿಗಳನ್ನು ಹಾಕುವರು. ದೊಡ್ಡ ಡೇಟಾಬೇಸೂ ಕೆಲವೇ ನಿಮಿಷಗಳಲ್ಲಿ ಸಿದ್ಧವಾಗಬಹುದು. ಆದರೆ ಹೊಸ ಆವೃತ್ತಿಯನ್ನು ಒಮ್ಮೆ ಚಾಲೂ ಮಾಡಿದರೆ ಹಳೆಯದನ್ನು ಕ್ಷೇಮವಾಗಿ ಬಳಸುವಂತಿಲ್ಲ. ನಿಮಿಷಗಳ ಲಾಭಕ್ಕಾಗಿ ಹಿಂದಿರುಗುವ ದಾರಿಯನ್ನು ಮಾರಿದಂತಾಗುವುದು. ಬೇರೊಂದು ಯಂತ್ರದಲ್ಲಿ ಹಳೆಯದರ ಜೀವಂತ ಪ್ರತಿಯೊಂದನ್ನು ಇಟ್ಟುಕೊಂಡವನು ಎರಡನೆಯ ಮಾರ್ಗವನ್ನು ಹಿಡಿದರೆ ನಮ್ಮ ಆಕ್ಷೇಪಣೆಯಿಲ್ಲ. ಗಿಟ್‌ಲ್ಯಾಬಿನವರೇ 2020ರ ಮೇ ತಿಂಗಳಿನಲ್ಲಿ 9.6ರಿಂದ 11ನೆಯ ಆವೃತ್ತಿಗೆ ಹೋದಾಗ ಹೀಗೆ ನಡೆದುಕೊಂಡರು. ಮೊದಲು ಬೇರೆ ಯಂತ್ರಗಳಲ್ಲಿ ಮತ್ತೆ ಮತ್ತೆ ತಾಲೀಮು ಮಾಡಿದರು. ನಿಜವಾದ ದಿನದಂದು ಎಲ್ಲ ಸರ್ವರ್‌ಗಳನ್ನೂ ಒಟ್ಟಿಗೆ ಬದಲಾಯಿಸದೆ ಕೆಲವನ್ನು ಹಿಂದಿರುಗುವುದಕ್ಕಾಗಿ ಹಳೆಯ ಆವೃತ್ತಿಯಲ್ಲಿಯೇ ಉಳಿಸಿಕೊಂಡಿದ್ದರು. ಮೂರು ವರ್ಷಗಳ ಹಿಂದೆ ಬಿದ್ದ ಪೆಟ್ಟನ್ನು ಅವರು ಮರೆತಿರಲಿಲ್ಲವೆಂದು ತೋರುವುದು.

ಹೀಗೆ ಉಳಿಸಿಕೊಂಡರೂ ಒಂದು ತೊಡಕಿದೆ. ಸೋಮವಾರ ಹೊಸದಕ್ಕೆ ಬದಲಾದೆವೆನ್ನೋಣ. ಗುರುವಾರ ದೋಷವೊಂದು ಕಂಡಿತು. ಹಳೆಯದಕ್ಕೆ ಹಿಂದಿರುಗಿದರೆ ಮೂರು ದಿನ ಜನರು ಬರೆಸಿದ್ದೆಲ್ಲ ಏನಾಗಬೇಕು? ಹಳೆಯದಕ್ಕೆ ಅದರ ಸುಳಿವೂ ಇಲ್ಲ. ಆದುದರಿಂದ ಬಹಳ ಬೆಲೆಯುಳ್ಳ ಮಾಹಿತಿಯನ್ನು ಕಾಯುವವರು ಹೊಸದರಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಹಳೆಯದಕ್ಕೆ ಕಳುಹಿಸುತ್ತಿರುವ ಏರ್ಪಾಟನ್ನೂ ಮಾಡಿಕೊಳ್ಳುವರು. 10ನೆಯ ಆವೃತ್ತಿಯಿಂದೀಚೆಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿಯೇ ಇದಕ್ಕೆ ಸಾಧನವಿದೆ. ಎಲ್ಲರಿಗೂ ಇದು ಬೇಕೆಂದು ನಾವು ಹೇಳುವುದಿಲ್ಲ. ಶಾಲೆಯ ಹಾಜರಿ ಪಟ್ಟಿಗೆ ಒಂದು ರಾತ್ರಿ ಬಾಗಿಲು ಹಾಕಿದರೆ ಯಾರಿಗೂ ನಷ್ಟವಿಲ್ಲ. ಆದರೆ ಯಾವ ಗಳಿಗೆಯ ನಂತರ ಹಿಂದಿರುಗಲು ಸಾಧ್ಯವಿಲ್ಲ, ಆ ಗಳಿಗೆಗೆ ಮುಂಚೆ ಏನೇನನ್ನು ನೋಡಿ “ಸರಿಯಾಗಿದೆ” ಎಂದು ಒಪ್ಪಬೇಕು, ಒಪ್ಪುವವರು ಯಾರು ಎಂಬುದನ್ನು ಕೆಲಸಕ್ಕೆ ಮೊದಲೇ ಕಾಗದದ ಮೇಲೆ ಬರೆದಿಡಬೇಕು. ರಾತ್ರಿ ಎರಡು ಗಂಟೆಗೆ, ನಿದ್ರೆ ತೂಗುತ್ತಿರುವಾಗ, ಅದನ್ನು ನಿಶ್ಚಯಿಸುವ ಶಕ್ತಿ ಯಾರಿಗೂ ಇರುವುದಿಲ್ಲ.

ಕಾಲೇಜುಗಳಲ್ಲಿ ಈ ವಿಷಯವನ್ನು ಕಲಿಯುತ್ತಿರುವ ವಿದ್ಯಾರ್ಥಿಗಳೊಂದಿಗೆ ಮಾತನಾಡಿದಾಗಲೆಲ್ಲ ನಮಗೆ ಒಂದು ಕೊರತೆ ಎದ್ದುಕಾಣುತ್ತದೆ. ಕೋಷ್ಟಕಗಳನ್ನು ರಚಿಸಲು ಅವರು ಬಲ್ಲರು, ಕ್ಲಿಷ್ಟವಾದ ಪ್ರಶ್ನೆಗಳನ್ನು ಬರೆದು ಉತ್ತರ ತೆಗೆಯಲು ಬಲ್ಲರು. ಹಾಳಾದ ಡೇಟಾಬೇಸೊಂದನ್ನು ಪ್ರತಿಯಿಂದ ಮತ್ತೆ ಎಬ್ಬಿಸಿದವರು ಎಷ್ಟು ಮಂದಿಯೆಂದು ಕೇಳಿದರೆ ಕೈಗಳು ಮೇಲೇಳುವುದಿಲ್ಲ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮೊದಲ ದಿನವೇ ಕಣ್ಣಿಗೆ ಆಮ್ಲ ಸಿಡಿದರೆ ಏನು ಮಾಡಬೇಕೆಂದು ತೋರಿಸಿಕೊಡುವರಷ್ಟೆ. ಡೇಟಾಬೇಸಿನ ಪ್ರಯೋಗಶಾಲೆಗೂ ಅಂತಹ ಒಂದು ಮೊದಲ ದಿನ ಇರಬೇಕೆಂದು ನಾವು ಅಧ್ಯಾಪಕರನ್ನು ಒತ್ತಾಯಿಸುತ್ತೇವೆ. ಇದಕ್ಕೆ ಹೆಚ್ಚಿನ ವೆಚ್ಚವೂ ಇಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಬಿಟ್ಟಿಯಾಗಿ ದೊರೆಯುವುದು. ಸಾಧಾರಣ ಗಣಕವೊಂದು ಸಾಕು. ಹಳೆಯ ಆವೃತ್ತಿಯೊಂದನ್ನು ಹಾಕಿ, ಅದರಲ್ಲಿ ಕನ್ನಡದ ನೂರು ಪುಸ್ತಕಗಳ ಹೆಸರನ್ನು ತುಂಬಿ, ಪ್ರತಿ ತೆಗೆದು, ಹೊಸ ಆವೃತ್ತಿಯಲ್ಲಿ ಬಿಚ್ಚಿ, ಸಾಲುಗಳನ್ನು ಎಣಿಸಿ, ಹತ್ತು ಹೆಸರುಗಳನ್ನು ಬಾಯಿಬಿಟ್ಟು ಓದಿ, ಮತ್ತೆ ಹಳೆಯದಕ್ಕೆ ಹಿಂದಿರುಗಿ ನೋಡಬೇಕು. ಒಂದು ಮಧ್ಯಾಹ್ನದ ಕೆಲಸ.

ಮೇಲೆ ಹೇಳಿದ ಗ್ರಂಥಾಲಯದಲ್ಲಿ ಈಗ ಪ್ರತಿ ತಿಂಗಳ ಮೊದಲ ಶನಿವಾರ ಇಂತಹುದೇ ಒಂದು ಕೆಲಸ ನಡೆಯುತ್ತದೆ. ಅಳಿಸಿ ಕೊಟ್ಟಿದ್ದ ಆ ಹಳೆಯ ಯಂತ್ರವನ್ನೇ ಕೇಳಿ ಹಿಂದಕ್ಕೆ ತಂದಿದ್ದಾರೆ. ತಿಂಗಳ ಪ್ರತಿಯನ್ನು ಅದರಲ್ಲಿ ಬಿಚ್ಚಿ, ರಿಜಿಸ್ಟರಿನಿಂದ ಯಾವುದಾದರೂ ಐದು ಕನ್ನಡ ಪುಸ್ತಕಗಳನ್ನು ಆರಿಸಿ, ಅವು ಪರದೆಯ ಮೇಲೆ ಸರಿಯಾಗಿ ಬರುತ್ತವೆಯೇ ಎಂದು ನೋಡಿ, ದಿನಾಂಕದೊಡನೆ ರುಜು ಹಾಕುವರು. ಹೋದ ಸಲ ನಾವು ಹೋಗಿದ್ದಾಗ ನಾಲ್ಕು ಪುಸ್ತಕಗಳು ಬೇಗನೆ ಸಿಕ್ಕವು. ಐದನೆಯದನ್ನು ಹುಡುಕುತ್ತ ಆ ಇಬ್ಬರು ತರುಣರಲ್ಲಿ ಒಬ್ಬನು ಪಟ್ಟಿಯ ಕೊನೆಯವರೆಗೂ ಹೋಗಿ, ಸಿಕ್ಕದೆ, ಮತ್ತೆ ಕಕಾರಕ್ಕೆ ಬಂದನು. ಅಲ್ಲಿತ್ತು. ರುಜು ಹಾಕಿ ಬಾಗಿಲು ಹಾಕುವ ಹೊತ್ತಿಗೆ ಸಂಜೆ ಐದೂವರೆಯಾಗಿತ್ತು.